ವಾಪಸ್ ಕಳಿಸಿದವರ ಲೆಕ್ಕ ಕೊಡಿ: ನಮ್ಮ ಡಿಸ್ಟ್ರಿಕ್ಟ್‌ನ ರಿಟರ್ನಿಂಗ್ ಆಫೀಸರ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ರಿಟರ್ನಿಂಗ್ ಆಫೀಸರ್ ಅವರಿಗೆ,

ನಮಸ್ಕಾರ.

2023ರ ಮೇ 4ರಂದು ಇಂಗ್ಲೆಂಡಿನಲ್ಲಿ ನಡೆದ ನಮ್ಮ ಡಿಸ್ಟ್ರಿಕ್ಟ್ ಕೌನ್ಸಿಲ್ (ಅಂದರೆ ಇಲ್ಲಿನ ಸ್ಥಳೀಯ ಆಡಳಿತ) ಚುನಾವಣೆಯ ಫಲಿತಾಂಶದ ಬಗ್ಗೆ ಈ ಪತ್ರ. ಇಷ್ಟು ತಡವಾಗಿ ಯಾಕೆ ಅಂತ ನೀವು ಕೇಳಬಹುದು. ನಿಮ್ಮ ಕಚೇರಿಗೆ ಇಮೇಲ್ ಮಾಡಿದೆ, ಕಾಗದ ಬರೆದೆ, ಫೋನ್ ಹಿಡಿದು ಕಾದೆ. ಉತ್ತರ ಬಂತು. ಆದರೆ ನಾನು ಕೇಳಿದ್ದಕ್ಕೆ ಬರಲಿಲ್ಲ. ಅದಕ್ಕೇ ಈಗ ಎಲ್ಲರ ಎದುರಿಗೇ ಕೇಳುತ್ತಿದ್ದೇನೆ.

ಇದೇ ಪತ್ರದ ಇಂಗ್ಲಿಷ್ ಪ್ರತಿ, ನನ್ನ ಹೆಸರು ವಿಳಾಸದ ಸಮೇತ, ನಿಮ್ಮ ಮೇಜಿನ ಮೇಲಿದೆ. ಕನ್ನಡದಲ್ಲೂ ಬರೆಯುತ್ತಿರುವುದು ಈ ದೇಶಕ್ಕೆ ಬಂದು ಕೆಲಸ ಮಾಡುತ್ತಿರುವ ನಮ್ಮವರಿಗಾಗಿ. ಅವರಲ್ಲಿ ಎಷ್ಟೋ ಜನರಿಗೆ ಇಲ್ಲಿ ತಮಗೂ ಮತ ಇದೆ ಅನ್ನೋದೇ ಗೊತ್ತಿಲ್ಲ.

ನನ್ನ ಬೇಡಿಕೆ ಒಂದೇ. ಪ್ರತಿ ವಾರ್ಡಿನ ಫಲಿತಾಂಶದ ಜೊತೆಗೆ, ಗುರುತಿನ ಚೀಟಿ ಸರಿಯಿಲ್ಲ ಅಂತ ಮತಗಟ್ಟೆಯಿಂದ ಎಷ್ಟು ಜನರನ್ನು ವಾಪಸ್ ಕಳಿಸಿದಿರಿ ಅನ್ನುವ ಸಂಖ್ಯೆಯನ್ನೂ ಪ್ರಕಟಿಸಿ. ಹೆಸರು ಬೇಡ, ವಿಳಾಸ ಬೇಡ. ಸಂಖ್ಯೆ ಸಾಕು.

ಎಣಿಕೆ ಮುಗಿದ ಮೇಲೆ ನೀವು ಸಹಿ ಹಾಕಿ ಹೊರಡಿಸಿದ ನಮ್ಮ ವಾರ್ಡಿನ ಹಾಳೆಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮೇಲೆ ಅಭ್ಯರ್ಥಿಗಳ ಹೆಸರು, ಪಕ್ಷ, ಬಿದ್ದ ಮತ. ಗೆದ್ದವರ ಮುಂದೆ ‘ಎಲೆಕ್ಟೆಡ್’ ಅಂತ ಒಂದು ಪದ. ಅದರ ಕೆಳಗೆ ತಿರಸ್ಕೃತ ಮತಪತ್ರಗಳ ಲೆಕ್ಕ, ಕಾರಣದ ಸಮೇತ. ಅಧಿಕೃತ ಗುರುತು ಇಲ್ಲದ್ದು ಇಷ್ಟು. ಹಾಕಬೇಕಾದ್ದಕ್ಕಿಂತ ಜಾಸ್ತಿ ಗುರುತು ಹಾಕಿದ್ದು ಇಷ್ಟು. ಮತದಾರ ಯಾರು ಅಂತ ಗೊತ್ತಾಗುವ ಹಾಗೆ ಏನೋ ಬರೆದಿದ್ದು ಇಷ್ಟು. ಖಾಲಿ ಬಿಟ್ಟಿದ್ದು ಅಥವಾ ಯಾರಿಗೆ ಅಂತ ಸ್ಪಷ್ಟವಾಗದ್ದು ಇಷ್ಟು. ಪೆಟ್ಟಿಗೆಗೆ ಖಾಲಿ ಹಾಳೆ ಹಾಕಿ ಹೋದವನಿಗೂ ಆ ಹಾಳೆಯಲ್ಲಿ ಒಂದು ಸಾಲಿದೆ. ಪೆನ್ಸಿಲ್ಲಿನಲ್ಲಿ ಕಾಗದದ ಮೇಲೆಲ್ಲ ಬೈಗುಳ ಬರೆದವನಿಗೂ ಒಂದು ಸಾಲಿದೆ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ, ಪಾಸ್‌ಪೋರ್ಟ್ ಹಿಡಿದುಕೊಂಡು ಬಂದು, ಮತ ಹಾಕಲಾಗದೆ ವಾಪಸ್ ಹೋದ ನನಗೆ ಅಲ್ಲಿ ಸಾಲಿಲ್ಲ.

ನಾನು ನರ್ಸ್. ಇದೇ ಡಿಸ್ಟ್ರಿಕ್ಟ್‌ನ ಒಂದು ಆಸ್ಪತ್ರೆಯಲ್ಲಿ ಕೆಲಸ. ಭಾರತದ ಪ್ರಜೆ. ಕಾಮನ್‌ವೆಲ್ತ್ ಒಕ್ಕೂಟದ (ಭಾರತವೂ ಅದರಲ್ಲಿದೆ) ದೇಶದವರು ಕಾನೂನು ಪ್ರಕಾರ ಇಲ್ಲಿ ವಾಸಿಸುತ್ತಿದ್ದರೆ, 1983ರ ಪ್ರಜಾಪ್ರತಿನಿಧಿತ್ವ ಕಾಯ್ದೆಯಡಿ ಮತದಾರರ ಪಟ್ಟಿಗೆ ಸೇರಬಹುದು. ಕೌನ್ಸಿಲ್ಲಿಗೂ ಮತ ಹಾಕಬಹುದು, ಪಾರ್ಲಿಮೆಂಟಿಗೂ ಹಾಕಬಹುದು. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಬಾಗಿಲು ತಟ್ಟಿ ಕರಪತ್ರ ಕೊಡುವ ಪಕ್ಷದವರಿಗೇ ಇದು ಗೊತ್ತಿಲ್ಲ. ‘ನೀವು ಇಂಡಿಯನ್ ಅಲ್ವಾ, ನಿಮಗೆ ವೋಟ್ ಇರಲ್ಲ’ ಅಂತ ನಗುತ್ತಾ ಹೇಳಿ ಪಕ್ಕದ ಮನೆಗೆ ಹೋಗಿಬಿಡುತ್ತಾರೆ. ಪ್ರತಿ ಚುನಾವಣೆಗೂ ಇದೇ ಪಾಡು. ಸಹಿಸಿಕೊಂಡೆ. ನಿಮ್ಮ ಕಚೇರಿಯಿಂದ ಪ್ರತಿ ವರ್ಷ ಬರುವ, ಮನೆಯಲ್ಲಿ ಯಾರ್ಯಾರು ಇದ್ದೀರಿ ಅಂತ ಕೇಳುವ ಪತ್ರಕ್ಕೆ ತಪ್ಪದೆ ಉತ್ತರ ಕೊಟ್ಟೆ.

2019ರ ಮೇ 2ರ ಚುನಾವಣೆಯಲ್ಲಿ ನಮ್ಮ ಮತಗಟ್ಟೆಯಾದ ಚರ್ಚ್ ಹಾಲ್‌ಗೆ ಹೋಗಿದ್ದೆ. ಹೆಸರು, ವಿಳಾಸ ಹೇಳಿದೆ. ಸ್ಕೇಲ್ ಇಟ್ಟು ಪಟ್ಟಿಯಲ್ಲಿ ಗೆರೆ ಎಳೆದು ಮತಪತ್ರ ಕೊಟ್ಟರು. ಎರಡು ನಿಮಿಷದ ಕೆಲಸ. ಆಮೇಲೆ 2022ರ ಎಲೆಕ್ಷನ್ಸ್ ಆ್ಯಕ್ಟ್ ಬಂತು. ಫೋಟೋ ಇರುವ ಗುರುತಿನ ಚೀಟಿ ತೋರಿಸದೆ ಮತಗಟ್ಟೆಯಲ್ಲಿ ಮತ ಇಲ್ಲ ಅಂತಾಯಿತು. ಇಂಗ್ಲೆಂಡಿನಲ್ಲಿ ಅದು ಎಲ್ಲ ಕಡೆ ಮೊದಲು ಜಾರಿಯಾದದ್ದು 2023ರ ಮೇ 4ರಂದೇ.

ನಾನು ಆ ನಿಯಮದ ಪಟ್ಟಿಯನ್ನು ಮೊದಲೇ ಓದಿದ್ದೆ. ಕಾಮನ್‌ವೆಲ್ತ್ ದೇಶದ ಪಾಸ್‌ಪೋರ್ಟ್ ನಡೆಯುತ್ತದೆ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ಭಾರತದ ಪಾಸ್‌ಪೋರ್ಟನ್ನು ಬೆಳಿಗ್ಗೆಯೇ ಬ್ಯಾಗಿಗೆ ಹಾಕಿಕೊಂಡು ಹೋದೆ. ಮತಗಟ್ಟೆ ತೆರೆಯುವುದು ಏಳಕ್ಕೆ. ನಾನು ಅಷ್ಟೊತ್ತಿಗೆ ಬಸ್ಸಿನಲ್ಲಿರುತ್ತೇನೆ. ಸಂಜೆ ಶಿಫ್ಟ್ ಮುಗಿದು, ಹ್ಯಾಂಡೋವರ್ ಕೊಟ್ಟು, ಬಸ್ ಹಿಡಿದು ಹಾಲ್ ತಲುಪುವಾಗ ಒಂಬತ್ತು ದಾಟಿತ್ತು. ಹತ್ತಕ್ಕೆ ಬಾಗಿಲು ಮುಚ್ಚುತ್ತಾರೆ. ಯೂನಿಫಾರ್ಮ್ ಕೂಡ ಬದಲಾಯಿಸಿರಲಿಲ್ಲ.

ಮೇಜಿನ ಹಿಂದೆ ಕೂತಿದ್ದವರು ಪಾಸ್‌ಪೋರ್ಟ್ ನೋಡಿ ಮೊದಲು ಕೇಳಿದ್ದು, ‘ಬ್ರಿಟಿಷ್ ಪಾಸ್‌ಪೋರ್ಟ್ ಇಲ್ವಾ?’ ಅಂತ. ಇಲ್ಲ, ಇದೂ ನಡೆಯುತ್ತದೆ ಅಂದೆ. ಫೈಲಿನಲ್ಲಿ ಪಟ್ಟಿ ಹುಡುಕಿದರು, ಸಿಕ್ಕಿತು, ಸರಿ ಅಂದರು. ಆಮೇಲೆ ಶುರುವಾಯಿತು ಹೆಸರಿನ ರಗಳೆ.

ನಮ್ಮ ಕಡೆ ಹೆಸರು ಹೇಗಿರುತ್ತದೆ ಅಂತ ಈ ಪತ್ರ ಓದುವ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಮೊದಲು ಊರಿನ ಇನಿಷಿಯಲ್, ಆಮೇಲೆ ಅಪ್ಪನ ಇನಿಷಿಯಲ್, ಕೊನೆಗೆ ನಮ್ಮ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದರು. ಸರ್‌ನೇಮ್ ಕಡೆ ಖಾಲಿ. ಇಲ್ಲಿ ಮತದಾರರ ಪಟ್ಟಿಗೆ ಸೇರುವಾಗ ಫಾರಂ ಸರ್‌ನೇಮ್ ಕೇಳುತ್ತದೆ. ಖಾಲಿ ಬಿಟ್ಟರೆ ಮುಂದಕ್ಕೇ ಬಿಡಲಿಲ್ಲ. ಅಪ್ಪನ ಹೆಸರು ಹಾಕಿದೆ. ಹೀಗಾಗಿ ಪಟ್ಟಿಯಲ್ಲಿ ನನ್ನ ಹೆಸರು, ಅದಾದ ಮೇಲೆ ಅಪ್ಪನ ಹೆಸರು. ಪಾಸ್‌ಪೋರ್ಟಿನಲ್ಲಿ ಊರು, ಅಪ್ಪ, ನಾನು. ಇರುವ ಪದಗಳು ಅವೇ, ಬರುವ ಕ್ರಮ ಬೇರೆ, ಊರಿನ ಹೆಸರು ಒಂದು ಜಾಸ್ತಿ.

ಆಕೆ ನಮ್ಮೂರಿನ ಹೆಸರನ್ನು ತಡವರಿಸುತ್ತಾ ಜೋರಾಗಿ ಓದಿ, ‘ಇದು ನಿಮ್ಮ ಮೊದಲ ಹೆಸರಾ? ಪಟ್ಟಿಯಲ್ಲಿ ಬೇರೆ ಇದೆಯಲ್ಲ’ ಅಂದರು. ಅದು ಊರು ಅಂತ ಹೇಳಿದೆ. ಹೆಸರಿನಲ್ಲಿ ಊರು ಯಾಕಿದೆ ಅಂದರು. ಹಿಂದೆ ಮೂರು ನಾಲ್ಕು ಜನ ನಿಂತಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮತಗಟ್ಟೆಯ ಪ್ರಿಸೈಡಿಂಗ್ ಆಫೀಸರನ್ನು ಕರೆದರು. ನಾನು ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ತೋರಿಸಿದೆ. ಭಾರತದ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರು ಅಚ್ಚಾಗಿರುತ್ತದೆ. ‘ನೋಡಿ ಸರ್, ಇದು ನಮ್ಮ ಅಪ್ಪನ ಹೆಸರು, ನಿಮ್ಮ ಪಟ್ಟಿಯಲ್ಲಿ ಸರ್‌ನೇಮ್ ಅಂತ ಇರುವುದೂ ಇದೇ ಹೆಸರು’ ಅಂದೆ. ಅವರು ಆ ಪುಟ ನೋಡಲೇ ಇಲ್ಲ. ಫೋಟೋ ಇರುವ ಪುಟವನ್ನು ಮಾತ್ರ ನೋಡುವುದು ಅಂದರು.

ಕೊರಳಲ್ಲಿ ಆಸ್ಪತ್ರೆಯ ಬ್ಯಾಡ್ಜ್ ನೇತಾಡುತ್ತಿತ್ತು. ಅದರಲ್ಲಿ ನನ್ನ ಫೋಟೋ ಇದೆ, ಪಟ್ಟಿಯಲ್ಲಿರುವ ಹಾಗೇ ಹೆಸರಿದೆ. ಕೆಲಸದ ಬ್ಯಾಡ್ಜ್ ನಡೆಯುವುದಿಲ್ಲ. ನೀವೇ ಕಳಿಸಿದ ಪೋಲ್ ಕಾರ್ಡ್ ಕೈಯಲ್ಲಿತ್ತು. ಅದು ಗುರುತಿನ ಚೀಟಿ ಅಲ್ಲ. ಮದುವೆ ಸರ್ಟಿಫಿಕೇಟೋ, ಹೆಸರು ಬದಲಾಯಿಸಿದ ಪತ್ರವೋ ಇದ್ದರೆ ತನ್ನಿ ಅಂದರು. ನಾನು ಹೆಸರು ಬದಲಾಯಿಸಿಯೇ ಇಲ್ಲ. ಇಲ್ಲದ ಪತ್ರವನ್ನು ಆ ಹೊತ್ತಿನಲ್ಲಿ ಎಲ್ಲಿಂದ ತರಲಿ?

ವಾಪಸ್ ಬಂದೆ. ಬಾಗಿಲ ಹೊರಗೆ ರೋಸೆಟ್ (ಪಕ್ಷದ ಬಣ್ಣದ ರಿಬ್ಬನ್ ಹೂ) ಚುಚ್ಚಿಕೊಂಡು ಕೂತಿದ್ದ ಪಕ್ಷದ ಅಜ್ಜ ಒಬ್ಬರು ನನ್ನ ಪೋಲ್ ನಂಬರ್ ಕೇಳಿದರು. ಮತ ಹಾಕಿ ಬಂದವರ ನಂಬರ್ ಬರೆದುಕೊಳ್ಳುವುದು ಅವರ ಕೆಲಸ. ಹಾಕಲು ಬಿಡಲಿಲ್ಲ ಅಂದೆ. ಅವರಿಗೆ ಏನು ಬರೆದುಕೊಳ್ಳಬೇಕು ಅಂತ ಗೊತ್ತಾಗಲಿಲ್ಲ. ಪೆನ್ನು ಕೆಳಗಿಟ್ಟು, ‘ಐ ಆ್ಯಮ್ ಸಾರಿ, ಲವ್’ ಅಂದರು. ಆ ದಿನ ನನ್ನ ಹತ್ತಿರ ಸಾರಿ ಕೇಳಿದ್ದು ಅವರೊಬ್ಬರೇ.

ಈಗ ಫಲಿತಾಂಶಕ್ಕೆ ಬರುತ್ತೇನೆ. ನಮ್ಮದು ಮೂರು ಸೀಟಿನ ವಾರ್ಡ್. ಒಬ್ಬೊಬ್ಬರಿಗೆ ಮೂರು ಗುರುತು ಹಾಕುವ ಅವಕಾಶ. ಅಂದರೆ ಒಬ್ಬರನ್ನು ವಾಪಸ್ ಕಳಿಸಿದರೆ ಮೂರು ಗುರುತು ಹೋದ ಹಾಗೆ. ಮರುದಿನ ಎಣಿಕೆಯಾಯಿತು. ಮೊದಲ ಇಬ್ಬರು ಆರಾಮಾಗಿ ಗೆದ್ದರು. ಮೂರನೇ ಸೀಟಿಗೆ ಮರು ಎಣಿಕೆ ಬೇಕಾಯಿತು. ಕೊನೆಗೆ ಅಂತರ ಹತ್ತು ಮತವೂ ಇರಲಿಲ್ಲ.

ಗೆದ್ದವರ ಬಗ್ಗೆ ನನಗೆ ದೂರಿಲ್ಲ. ನನ್ನ ಮತ ಯಾರಿಗಿತ್ತು ಅಂತ ಇಲ್ಲಿ ಬರೆಯುವುದೂ ಇಲ್ಲ. ನಾನು ಕೇಳುವುದು ಇಷ್ಟೇ: ಹತ್ತಕ್ಕಿಂತ ಕಡಿಮೆ ಅಂತರದಲ್ಲಿ ತೀರ್ಮಾನವಾದ ವಾರ್ಡಿನಲ್ಲಿ ಬಾಗಿಲಿಂದ ವಾಪಸ್ ಹೋದವರು ಎಷ್ಟು? ನನಗೆ ಗೊತ್ತಿರುವುದು ಇಬ್ಬರು. ನಾನು, ಮತ್ತೆ ನನ್ನ ಜೊತೆ ಕೆಲಸ ಮಾಡುವ ಕೇರಳದ ಗೆಳತಿ. ಅವಳ ಹೆಸರೂ ನಮ್ಮ ಹಾಗೇ ಇನಿಷಿಯಲ್ ಹೆಸರು. ಇನ್ನುಳಿದವರು ಎಷ್ಟು, ಎಲ್ಲಿಯವರು? ನಿಮ್ಮ ಹತ್ತಿರ ಬರೆದಿಟ್ಟ ಲೆಕ್ಕ ಇದೆ. ಅದನ್ನು ಪ್ರಕಟಿಸಿ.

ಲೆಕ್ಕ ಇದೆ ಅಂತ ಸುಮ್ನೆ ಹೇಳುತ್ತಿಲ್ಲ. ಮತಪತ್ರ ನಿರಾಕರಿಸಿದಾಗೆಲ್ಲ ಪ್ರಿಸೈಡಿಂಗ್ ಆಫೀಸರ್ ಅದನ್ನು ಬರೆದಿಡಬೇಕು. ಆ ಅಂಕಿಗಳು ಡಿಸ್ಟ್ರಿಕ್ಟ್‌ನಿಂದ ಮೇಲೆ ಹೋದವು. ಅದನ್ನೆಲ್ಲ ಸೇರಿಸಿಯೇ ಇಲ್ಲಿನ ಚುನಾವಣಾ ಆಯೋಗವಾದ ಎಲೆಕ್ಟೋರಲ್ ಕಮಿಷನ್ ವರದಿ ಬರೆದದ್ದು. ಆ ಚುನಾವಣೆಯಲ್ಲಿ ಇಂಗ್ಲೆಂಡಿನಾದ್ಯಂತ ಸುಮಾರು 39,000 ಜನರನ್ನು ಮೊದಲ ಸಲಕ್ಕೆ ವಾಪಸ್ ಕಳಿಸಲಾಯಿತು. ಅವರಲ್ಲಿ ನೂರಕ್ಕೆ 63ರಷ್ಟು ಜನ ಬೇರೆ ಚೀಟಿ ತಂದು ಮತ ಹಾಕಿದರು. ಉಳಿದ ಸುಮಾರು 14,000 ಜನ ಹಾಕಲೇ ಇಲ್ಲ. ಮತಗಟ್ಟೆಗೆ ಬಂದವರಲ್ಲಿ ಇದು ನೂರಕ್ಕೆ 0.25ರಷ್ಟು ಮಾತ್ರ ಅಂತ ನಿಮ್ಮ ಕಚೇರಿಯವರು ನನಗೆ ಬರೆದರು. ‘ಮಾತ್ರ’ ಅಂತಲೇ ಬರೆದಿದ್ದರು. ಅದೂ ಮೇಜಿನವರೆಗೆ ಬಂದವರ ಲೆಕ್ಕ. ಬಾಗಿಲಲ್ಲೇ ಚೀಟಿ ಕೇಳಿಸಿಕೊಂಡು ಹಿಂದೆ ತಿರುಗಿದವರು ಅದರಲ್ಲಿ ಪೂರ್ತಿ ಸೇರಿಲ್ಲ ಅಂತ ಕಮಿಷನ್ನೇ ಹೇಳಿದೆ.

ಇಡೀ ದೇಶದ ಸರಾಸರಿ ಹೇಳಿ ನನ್ನನ್ನು ಸಮಾಧಾನ ಮಾಡಬೇಡಿ. ಕೌನ್ಸಿಲರ್ ಆರಿಸಿ ಬರುವುದು ದೇಶದಿಂದಲ್ಲ, ವಾರ್ಡಿನಿಂದ. 2017ರಲ್ಲಿ ನಾರ್ಥಂಬರ್‌ಲ್ಯಾಂಡ್ ಕೌಂಟಿ ಕೌನ್ಸಿಲ್ ಚುನಾವಣೆಯಲ್ಲಿ ಸೌತ್ ಬ್ಲೈತ್ ಅನ್ನುವ ವಾರ್ಡಿನಲ್ಲಿ ಇಬ್ಬರಿಗೆ ಸಮಸಮ ಮತ ಬಿತ್ತು. ಕಡ್ಡಿ ಎತ್ತಿಸಿ ತೀರ್ಮಾನ ಮಾಡಿದರು. ಅದರಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿ ಸೋತದ್ದಕ್ಕೆ ಆ ಪಕ್ಷ 67 ಸೀಟಿನ ಕೌನ್ಸಿಲ್‌ನಲ್ಲಿ 33ಕ್ಕೆ ನಿಂತು, ಬಹುಮತ ಒಂದೇ ಸೀಟಿನಿಂದ ತಪ್ಪಿತು. ಒಂದು ಮತ ಆ ಕಡೆಗೋ ಈ ಕಡೆಗೋ ಬಿದ್ದಿದ್ದರೆ ಕಡ್ಡಿಯೇ ಬೇಕಿರಲಿಲ್ಲ. ಇಂಥದ್ದು ನಡೆಯುವ ದೇಶದಲ್ಲಿ 14,000 ಜನ ಸಣ್ಣ ಸಂಖ್ಯೆ ಅನ್ನಬೇಡಿ.

2023ರ ಫಲಿತಾಂಶ ಬಂದ ಆ ವಾರ ಟಿವಿಯಲ್ಲಿ ಎಷ್ಟು ಮಾತು! 230 ಕೌನ್ಸಿಲ್‌ಗಳ ಚುನಾವಣೆ. ಕನ್ಸರ್ವೇಟಿವ್ ಪಕ್ಷ ಸಾವಿರಕ್ಕೂ ಜಾಸ್ತಿ ಸೀಟು ಕಳೆದುಕೊಂಡಿತು. ಲೇಬರ್‌ಗೆ, ಲಿಬರಲ್ ಡೆಮಾಕ್ರಾಟ್‌ಗಳಿಗೆ ನೂರಾರು ಸೀಟು ಬಂತು. ಮಿಡ್ ಸಫಕ್ ಡಿಸ್ಟ್ರಿಕ್ಟ್‌ನಲ್ಲಿ ಗ್ರೀನ್ ಪಕ್ಷ ಮೊದಲ ಸಲ ಒಂದು ಕೌನ್ಸಿಲ್‌ನಲ್ಲಿ ಪೂರ್ಣ ಬಹುಮತ ಪಡೆಯಿತು. ಎಲ್ಲ ಬಣ್ಣಬಣ್ಣದ ನಕ್ಷೆಯಲ್ಲಿ ತೋರಿಸಿದರು. ಯಾವ ವಾರ್ಡಿನಲ್ಲಿ ಎಷ್ಟು ಜನ ಬಾಗಿಲಿಂದ ಹಿಂದೆ ಹೋದರು ಅಂತ ಯಾರೂ ತೋರಿಸಲಿಲ್ಲ. ತೋರಿಸಲು ಅಂಕಿ ಇದ್ದರೆ ತಾನೆ? ಅಂಕಿ ಕೊಡಬೇಕಾದವರು ನೀವು.

ಹಾಗಾದರೆ ದೂರು ಕೊಡಬಹುದಿತ್ತಲ್ಲ ಅನ್ನಬಹುದು. ಪ್ರಿಸೈಡಿಂಗ್ ಆಫೀಸರ್ ಬೇಡ ಅಂದರೆ ಅದೇ ಕೊನೆ ಮಾತು. ಪ್ರಶ್ನೆ ಮಾಡಬೇಕು ಅಂದರೆ ಎಲೆಕ್ಷನ್ ಪಿಟಿಷನ್ ಹಾಕಬೇಕು. ಅದಕ್ಕೆ 21 ದಿನದ ಗಡುವು. ಕೋರ್ಟ್ ಫೀ ಬೇರೆ, ಎದುರು ಪಕ್ಷದ ಖರ್ಚಿಗೆ ಭದ್ರತೆ ಅಂತ 2,500 ಪೌಂಡ್‌ವರೆಗೆ ಇಡಬೇಕಾಗಬಹುದು. ಬಾಡಿಗೆ ಕಟ್ಟಿ, ಊರಿಗೆ ದುಡ್ಡು ಕಳಿಸುವ ನರ್ಸ್ ಒಬ್ಬಳು ಇದನ್ನು ಮಾಡುತ್ತಾಳೆ ಅಂತ ಕಾನೂನು ಬರೆದವರು ನಿಜವಾಗಿ ಅಂದುಕೊಂಡಿದ್ದರಾ?

ಕೊನೆಗೆ ಮಾಹಿತಿ ಹಕ್ಕಿನ ಕಾಯ್ದೆಯಡಿ ಅರ್ಜಿ ಹಾಕಿದೆ. ನಮ್ಮ ವಾರ್ಡಿನ ಮತಗಟ್ಟೆಗಳಲ್ಲಿ ಎಷ್ಟು ಜನರಿಗೆ ಮತಪತ್ರ ಕೊಡಲಿಲ್ಲ ಅನ್ನುವುದೊಂದೇ ಪ್ರಶ್ನೆ. ರಿಟರ್ನಿಂಗ್ ಆಫೀಸರ್ ಹುದ್ದೆ ಆ ಕಾಯ್ದೆಗೆ ಒಳಪಡುವುದಿಲ್ಲ ಅಂತ ಉತ್ತರ ಬಂತು. ಕಾಯ್ದೆ ಓದಿ ನೋಡಿದೆ, ನಿಜ. ಕೌನ್ಸಿಲ್ ಒಳಪಡುತ್ತದೆ, ಚುನಾವಣೆ ನಡೆಸುವ ನೀವು ಒಳಪಡುವುದಿಲ್ಲ. ಎರಡೂ ಕೆಲಸ ಮಾಡುವುದು ಒಂದೇ ಕಟ್ಟಡದಲ್ಲಿ. ಕಸದ ಡಬ್ಬಿ ಎಷ್ಟು ಹಂಚಿದಿರಿ ಅಂತ ಕೇಳಿದರೆ ಹೇಳಲೇಬೇಕು, ಮತದಾರರನ್ನು ಎಷ್ಟು ವಾಪಸ್ ಕಳಿಸಿದಿರಿ ಅಂತ ಕೇಳಿದರೆ ಹೇಳಬೇಕಾಗಿಲ್ಲ. ಈ ನಿಯಮ ನೀವು ಮಾಡಿದ್ದಲ್ಲ, ಒಪ್ಪುತ್ತೇನೆ. ಆದರೆ ಹೇಳಬೇಕಾಗಿಲ್ಲ ಅನ್ನುವುದಕ್ಕೂ ಹೇಳಬಾರದು ಅನ್ನುವುದಕ್ಕೂ ವ್ಯತ್ಯಾಸ ಇದೆ. ಹೇಳಲು ನಿಮ್ಮನ್ನು ತಡೆಯುವ ಕಾನೂನು ಯಾವುದು? ಇದ್ದರೆ ಅದರ ಕಲಂ ಸಂಖ್ಯೆ ಬರೆದು ತಿಳಿಸಿ. ಇಲ್ಲದಿದ್ದರೆ ಸಂಖ್ಯೆ ಪ್ರಕಟಿಸಿ.

ನಾನು ಕೆಲಸ ಮಾಡುವಲ್ಲಿ ರೋಗಿಗೆ ಒಂದು ಹೊತ್ತಿನ ಔಷಧಿ ಕೊಡದೆ ಬಿಟ್ಟರೆ, ಕೊಟ್ಟಷ್ಟೇ ಜೋಪಾನವಾಗಿ ಅದನ್ನೂ ಚಾರ್ಟಿನಲ್ಲಿ ಬರೆಯಬೇಕು. ಯಾಕೆ ಕೊಡಲಿಲ್ಲ ಅಂತ ಕಾರಣ ಹಾಕಬೇಕು. ಚಾರ್ಟ್ ಖಾಲಿ ಬಿಟ್ಟರೆ ಮರುದಿನ ನನ್ನನ್ನು ಕರೆದು ಕೇಳುತ್ತಾರೆ. ಕೇಳಲೇಬೇಕು. ಫಲಿತಾಂಶದ ಹಾಳೆಯಲ್ಲಿ ನೀವು ಬಿಟ್ಟ ಜಾಗವೂ ಅಂಥದ್ದೇ.

ಊರಲ್ಲಿದ್ದಾಗ ನಾನು ನೋಡಿದ್ದು ಹೇಳುತ್ತೇನೆ. ಭಾರತದಲ್ಲಿ ಫಾರಂ 20 ಅಂತ ಒಂದಿದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು, ನೋಟಾಕ್ಕೆ ಎಷ್ಟು, ಎಲ್ಲ ಗಟ್ಟೆಗೊಂದರಂತೆ ಸಾಲಾಗಿ ಇರುತ್ತದೆ. ಹೆಸರಿನಲ್ಲಿ ಬೇರೆಯವರು ಮೊದಲೇ ಮತ ಹಾಕಿಬಿಟ್ಟಿದ್ದರೆ ಆಮೇಲೆ ಬಂದ ನಿಜವಾದ ಮತದಾರನಿಗೆ ಕೊಡುವ ಟೆಂಡರ್ಡ್ ವೋಟಿಗೂ ಅಲ್ಲಿ ಒಂದು ಅಂಕಣ ಇದೆ. ಅಲ್ಲಿನ ಚುನಾವಣೆಯಲ್ಲಿ ಬೇಕಾದಷ್ಟು ತೊಂದರೆಗಳಿವೆ, ಅದನ್ನು ಹೊಗಳಲು ಹೊರಟಿಲ್ಲ. ಇಲ್ಲಿ ಬೇರೆ ಬೇರೆ ಪೆಟ್ಟಿಗೆಯ ಮತಪತ್ರಗಳನ್ನು ಬೆರೆಸಿ ಎಣಿಸುವುದು ಗುಟ್ಟು ಕಾಪಾಡಲು ಅಂತ ಗೊತ್ತು. ಅದು ಒಳ್ಳೆಯದೇ. ಆದರೆ ವಾಪಸ್ ಹೋದವಳ ಮತದಲ್ಲಿ ಕಾಪಾಡುವಂಥ ಗುಟ್ಟು ಏನಿದೆ? ಅವಳು ಮತವನ್ನೇ ಹಾಕಿಲ್ಲವಲ್ಲ.

ನಿಮ್ಮ ಕಚೇರಿ ಕೊಟ್ಟ ಇನ್ನೊಂದು ಸಲಹೆ, ‘ವೋಟರ್ ಅಥಾರಿಟಿ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ಅದು ಉಚಿತ.’ ಮಾಡಿಸಿಕೊಂಡೆ. ನನ್ನ ಫೋಟೋ, ಪಟ್ಟಿಯಲ್ಲಿರುವ ಹಾಗೇ ಹೆಸರು. ಇನ್ನು ನನಗೆ ತೊಂದರೆ ಆಗಲಾರದು. ಆದರೆ ಅದು ಮುಖ್ಯವಾಗಿ ಬೇರೆ ಯಾವ ಗುರುತಿನ ಚೀಟಿಯೂ ಇಲ್ಲದವರಿಗಾಗಿ ಮಾಡಿದ್ದು. ನನ್ನ ಹತ್ತಿರ ಪಾಸ್‌ಪೋರ್ಟ್ ಇದೆ. ಅದನ್ನು ಓದಲು ನಿಮ್ಮವರಿಗೆ ಬರಲಿಲ್ಲ. ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಇದೇ ಹೆಸರಿಗೆ ಬರುತ್ತದೆ, ತಿಂಗಳು ತಿಂಗಳು ದುಡ್ಡು ಕಟ್ ಆಗುತ್ತದೆ. ದುಡ್ಡು ತಗೊಳ್ಳುವಾಗ ಇವಳು ಅವಳೇ ಹೌದಾ ಅಂತ ಯಾರಿಗೂ ಅನುಮಾನ ಬಂದಿಲ್ಲ.

ಅಂಚೆಯಲ್ಲಿ ಮತ ಹಾಕಿ ಅಂತಲೂ ಹೇಳಿದರು. ಅಂಚೆ ಮತಪತ್ರದ ಜೊತೆ ಸಹಿ, ಹುಟ್ಟಿದ ದಿನಾಂಕ ಬರೆದು ಕಳಿಸಿದರೆ ಆಯಿತು, ಫೋಟೋ ಬೇಡ. ಖುದ್ದಾಗಿ ಎದುರು ಬಂದು ನಿಂತವಳನ್ನು ನಂಬದೆ, ಲಕೋಟೆಯನ್ನು ನಂಬುತ್ತೇವೆ ಅಂದ ಹಾಗಾಯಿತು. ನನಗೆ ಮತಗಟ್ಟೆಗೆ ಹೋಗಿಯೇ ಮತ ಹಾಕಬೇಕು. ಅದು ನನ್ನ ಹಕ್ಕು.

2025ರ ಜುಲೈಯಲ್ಲಿ ಸರ್ಕಾರ ಬ್ಯಾಂಕ್ ಕಾರ್ಡನ್ನೂ ಒಪ್ಪುವ ಯೋಜನೆ ಹೇಳಿತು. ಒಳ್ಳೆಯದು. ಆದರೆ ನಮ್ಮವರ ಬ್ಯಾಂಕ್ ಕಾರ್ಡಿನಲ್ಲಿ ಯಾವ ಇನಿಷಿಯಲ್ ಎಲ್ಲಿ ಬಂದಿರುತ್ತದೆ ಅಂತ ದೇವರಿಗೇ ಗೊತ್ತು. ಕಾರ್ಡ್ ಯಾವುದೇ ಇರಲಿ, ಮೇಜಿನ ಹಿಂದೆ ಕೂತವರಿಗೆ ಹೆಸರು ಓದುವ ತರಬೇತಿ ಇಲ್ಲದಿದ್ದರೆ ಇದೇ ಕಥೆ. ಸಣ್ಣಪುಟ್ಟ ವ್ಯತ್ಯಾಸ ಇದ್ದರೆ ಪರವಾಗಿಲ್ಲ ಅಂತ ನಿಮ್ಮ ಮಾರ್ಗಸೂಚಿಯೇ ಹೇಳುತ್ತದೆ. ಆ್ಯಂಡ್ರ್ಯೂ ಬದಲು ಆ್ಯಂಡಿ ಅಂತಿದ್ದರೆ ನಡೆಯುತ್ತದೆ. ನಮ್ಮ ಅಪ್ಪನ ಹೆಸರು ಹಿಂದೆ ಮುಂದೆ ಆದರೆ ಯಾಕೆ ನಡೆಯುವುದಿಲ್ಲ?

ನಮ್ಮ ಆಸ್ಪತ್ರೆಗೆ ಈಚೆಗೆ ಕರ್ನಾಟಕದಿಂದ, ಕೇರಳದಿಂದ, ನೈಜೀರಿಯಾದಿಂದ, ಘಾನಾದಿಂದ ತುಂಬ ಜನ ಬಂದಿದ್ದಾರೆ. ಎಲ್ಲರಿಗೂ ಇಲ್ಲಿ ಮತ ಇದೆ. ಅವರಿಗೆ ಪಟ್ಟಿಗೆ ಸೇರಿಕೊಳ್ಳಿ ಅಂತ ನಾನು ಹೇಳಿದರೆ, ‘ಅಕ್ಕಾ, ನಿಮಗೇ ಹಾಕಲು ಬಿಡಲಿಲ್ಲವಂತಲ್ಲ’ ಅನ್ನುತ್ತಾರೆ. ಅವರಿಗೆ ಕೊಡಲು ನನ್ನ ಹತ್ತಿರ ಉತ್ತರ ಇಲ್ಲ. ಇದನ್ನು ಬರೆಯುವಾಗ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ನಮ್ಮ ಮುಂದಿನ ಡಿಸ್ಟ್ರಿಕ್ಟ್ ಚುನಾವಣೆ ನಾಲ್ಕು ವರ್ಷದ ಲೆಕ್ಕದಲ್ಲಿ 2027ಕ್ಕೆ. ಅಷ್ಟರಲ್ಲಿ ಡಿಸ್ಟ್ರಿಕ್ಟ್, ಅದರ ಮೇಲಿನ ಹಂತದ ಕೌಂಟಿ ಎರಡನ್ನೂ ಸೇರಿಸಿ ಒಂದೇ ಕೌನ್ಸಿಲ್ ಮಾಡುವ ಯೋಜನೆ 2024ರ ಡಿಸೆಂಬರ್‌ನಲ್ಲೇ ಸರ್ಕಾರ ಹೇಳಿದೆ. ನಮ್ಮ ಕೌನ್ಸಿಲ್ ಇರುತ್ತದೋ, ಹೋಗುತ್ತದೋ, ಹೊಸದಕ್ಕೆ ಬೇರೆ ಅಧಿಕಾರಿ ಬರುತ್ತಾರೋ. ‘ಅದು ಹಳೇ ಕೌನ್ಸಿಲ್‌ನ ವಿಷಯ, ದಾಖಲೆ ನಮ್ಮ ಹತ್ತಿರ ಇಲ್ಲ’ ಅಂತ ಮುಂದೆ ಯಾರೋ ಬರೆದು ಕಳಿಸುವ ಮೊದಲು ನೀವು ಕೊಡಿ.

ಹಾಗಾಗಿ ಮತ್ತೆ ಕೇಳುತ್ತಿದ್ದೇನೆ. 2023ರ ಮೇ 4ರಂದು ನಮ್ಮ ವಾರ್ಡಿನ ಮತಗಟ್ಟೆಗಳಿಂದ ಮತ ಹಾಕಿಸದೆ ವಾಪಸ್ ಕಳಿಸಿದವರ ಸಂಖ್ಯೆ ಪ್ರಕಟಿಸಿ. ಅದರಲ್ಲಿ ಎಷ್ಟು ಜನರ ಕೈಯಲ್ಲಿ ಗುರುತಿನ ಚೀಟಿ ಇದ್ದೂ ಹೆಸರು ಹೊಂದಲಿಲ್ಲ ಅಂತ ಕಳಿಸಿದಿರಿ, ಅದನ್ನು ಬೇರೆ ಹೇಳಿ. ಮುಂದಿನ ಚುನಾವಣೆಯಿಂದ ಪ್ರತಿ ವಾರ್ಡಿನ ಫಲಿತಾಂಶದ ಹಾಳೆಯಲ್ಲಿ, ತಿರಸ್ಕೃತ ಮತಪತ್ರಗಳ ಕೆಳಗೆ, ಈ ಒಂದು ಸಾಲು ಸೇರಿಸಿ. ಮತಗಟ್ಟೆಯ ಸಿಬ್ಬಂದಿಗೆ ನಮ್ಮಂಥವರ ಹೆಸರಿನ ಬಗ್ಗೆ, ಕಾಮನ್‌ವೆಲ್ತ್ ಪಾಸ್‌ಪೋರ್ಟ್ ಬಗ್ಗೆ ತರಬೇತಿ ಕೊಡಿ. ತರಬೇತಿಗೆ ಮಾದರಿ ಬೇಕಿದ್ದರೆ ನನ್ನ ಪಾಸ್‌ಪೋರ್ಟ್ ತಂದು ತೋರಿಸಲು ನಾನು ತಯಾರಿದ್ದೇನೆ, ಕೊನೆಯ ಪುಟದ ಸಮೇತ.

ಮುಂದಿನ ಚುನಾವಣೆಯ ನೋಟಿಸ್ ಹೊರಡಿಸುವ ಮೊದಲು ನನಗೆ ಬರಹದಲ್ಲಿ ಉತ್ತರ ಬೇಕು. ನಿಮ್ಮ ದೂರು ದಾಖಲಾಗಿದೆ ಅನ್ನುವ ಉತ್ತರ ಬೇಡ. ಅದು ನನ್ನ ಹತ್ತಿರ ಆಗಲೇ ಇದೆ. ಸಂಖ್ಯೆ ಬೇಕು.

ಇಂತಿ,
ನಿಮ್ಮ ಡಿಸ್ಟ್ರಿಕ್ಟ್‌ನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಒಬ್ಬ ಕನ್ನಡತಿ